ಎಂಟನೆಯ ಏಟು

ನನ್ನ ಮಗಳ ಕೆನ್ನೆಗೆ ನಾನು ಎಂಟು ಸಲ ಹೊಡೆದಿದ್ದೇನೆ. ಒಂದೇ ದಿನ, ಒಂದೇ ಜಾಗದಲ್ಲಿ, ಮೂವತ್ತು ಜನರ ಎದುರು. ಅದಕ್ಕೆ ಮುಂಚೆ ಹೊಡೆದಿರಲಿಲ್ಲ. ಆಮೇಲೂ ಹೊಡೆದಿಲ್ಲ. ಆ ಎಂಟರಲ್ಲಿ ಕೊನೆಯದು ಈಗ ಊರೂರಿನ ಟಾಕೀಸುಗಳಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಸುತ್ತದೆ. ಟಿಕೆಟ್ ತೆಗೆದುಕೊಂಡವರು ಯಾರು ಬೇಕಾದರೂ ಕೇಳಬಹುದು.

ನಮ್ಮದು ತೊಗಲು ಹದ ಮಾಡುವ ಕೆಲಸ. ಲಾರಿಯಲ್ಲಿ ಹಸಿ ತೊಗಲು ಬಂದು ಬೀಳುತ್ತದೆ. ಉಪ್ಪು ತೊಳೆದು ಸುಣ್ಣದ ತೊಟ್ಟಿಗೆ ಹಾಕಬೇಕು. ಹತ್ತು ದಿನ ನೆಂದ ಮೇಲೆ ತೊಟ್ಟಿಗೆ ಇಳಿದು ಎಳೆದು ತೆಗೆಯಬೇಕು. ನೀರು ಕುಡಿದ ತೊಗಲು ಒಂದು ಆಳಿನಷ್ಟು ತೂಗುತ್ತದೆ. ಅದನ್ನು ದಿಮ್ಮಿಯ ಮೇಲೆ ಹಾಸಿ, ಹೊಟ್ಟೆಯಿಂದ ಒತ್ತಿ ಹಿಡಿದು, ಎರಡು ಹಿಡಿಯ ಬಾಗಿದ ಕತ್ತಿಯಿಂದ ಕೂದಲು ಕೆರೆಯಬೇಕು. ತಿರುಗಿಸಿ ಹಾಕಿ ಮಾಂಸದ ಪೊರೆ ಕೆರೆಯಬೇಕು. ಸುಣ್ಣ ಉಗುರು ತಿನ್ನುತ್ತದೆ. ನನ್ನ ಬಲಗೈಯಲ್ಲಿ ಎರಡೇ ಉಗುರು ಉಳಿದಿವೆ. ಅಂಗೈ ಹಲಗೆಯಾಗಿದೆ. ಅದರ ಮೇಲೆ ಕೆಂಡ ಇಟ್ಟರೂ ಬಿಸಿ ಗೊತ್ತಾಗುವುದು ಸ್ವಲ್ಪ ಹೊತ್ತಾದ ಮೇಲೆ.

ವಾಸನೆಯ ಮಾತು ಹೇಳಲೇಬೇಕು. ಅದು ಚರ್ಮಕ್ಕೆ ಅಂಟಿದ್ದಲ್ಲ, ಚರ್ಮದ ಒಳಗೆ ಇಳಿದದ್ದು. ಪೇಟೆಗೆ ಹೋಗಬೇಕಾದ ದಿನ ನಾವು ಒಂದು ಗಂಟೆ ಮೈ ಉಜ್ಜುತ್ತೇವೆ. ಮೊದಲು ಬೂದಿ, ಆಮೇಲೆ ನಿಂಬೆಸಿಪ್ಪೆ, ಆಮೇಲೆ ಸೋಪು. ಅಷ್ಟಾದರೂ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ನನ್ನ ಹೆಂಡತಿ ನಗುತ್ತಾಳೆ. "ನೋಡು, ರಾಜರಿಗೆ ಬಿಟ್ಟ ಹಾಗೆ ಜಾಗ ಬಿಡ್ತಾರೆ. ಕಾಲು ಚಾಚಿ ಕೂತ್ಕೋ" ಅನ್ನುತ್ತಾಳೆ.

ಈ ವಾಸನೆಯಿಂದಾಗಿಯೇ ಪ್ರಾರ್ಥನೆಯ ಮನೆಯೊಳಗೂ ನಮಗೆ ಜಾಗವಿರಲಿಲ್ಲ. ವಾಸನೆ ಎಂದು ಒಳಗಿನವರು ಹೇಳುತ್ತಿದ್ದರು. ಬೇರೆಯದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಳಗೆ ಪದ್ಯ ಓದುತ್ತಿದ್ದರು, ಅರ್ಥ ಹೇಳುತ್ತಿದ್ದರು. ನನ್ನಮ್ಮ ನನ್ನನ್ನು ಕರೆದುಕೊಂಡು ಹಿಂಬದಿಯ ಕಿಟಕಿಯ ಕೆಳಗೆ, ಚರಂಡಿಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಪದ್ಯವನ್ನು ಜೋರಾಗಿ ಓದುತ್ತಿದ್ದರಾದ್ದರಿಂದ ಅದು ಪೂರ್ತಿ ಕೇಳಿಸುತ್ತಿತ್ತು. ಅರ್ಥವನ್ನು ಮೆಲ್ಲಗೆ ಹೇಳುತ್ತಿದ್ದರು. ಅದು ಕೇಳಿಸುತ್ತಿರಲಿಲ್ಲ. ಹಾಗಾಗಿ ನನ್ನಲ್ಲಿ ಪದ್ಯಗಳಿವೆ. ಅರ್ಥ ನಾನೇ ಹಚ್ಚಿಕೊಂಡದ್ದು. ಅವುಗಳಲ್ಲಿ ಒಂದು:

ಮೈಯೆಂಬುದು ಎರವಲು, ಮಾತೊಂದೇ ಸ್ವಂತ.
ಎರವಲ ಕೇಳಿದರೆ ಕೊಡು, ಸ್ವಂತವ ಕೊಡಬೇಡ.

ದಿಮ್ಮಿಯ ಮುಂದೆ ನಿಂತು ಕೆರೆಯುವಾಗ ಇದನ್ನು ಹೇಳಿಕೊಳ್ಳುತ್ತೇನೆ. ಒಂದು ಎಳೆತಕ್ಕೆ ಒಂದು ಸಾಲು. ನನ್ನ ಮಗಳು ನನ್ನಿಂದ ಕಲಿತಳು. ಅವಳ ಗಂಟಲು ಎಂಥದ್ದೆಂದರೆ, ಅವಳು ಹೇಳಲು ಶುರು ಮಾಡಿದರೆ ಇಪ್ಪತ್ತು ಕತ್ತಿಗಳು ಒಂದೇ ಲಯಕ್ಕೆ ಬರುತ್ತಿದ್ದವು. ಎಲ್ಲರೂ ಅವಳನ್ನು ಕಂಚು ಎಂದೇ ಕರೆಯುತ್ತಾರೆ. ಊಟದ ಹೊತ್ತಿನಲ್ಲಿ ಮೇಸ್ತ್ರಿಯ ನಡಿಗೆ, ಲಾರಿ ಡ್ರೈವರಿನ ಬೈಗುಳ, ವಾರಕ್ಕೊಮ್ಮೆ ಮೂಗಿಗೆ ಕರವಸ್ತ್ರ ಹಿಡಿದು ಬರುವ ಮಾಲೀಕನ ಹೆಂಡತಿ, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದಳು. ನಕ್ಕು ನಕ್ಕು ಹೆಂಗಸರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

"ಅಪ್ಪ, ನಾನು ನಟಿ ಆಗ್ತೀನಿ" ಎಂದು ಅವಳು ಹೇಳಿದಾಗ ಅವಳಿಗೆ ಹತ್ತೊಂಬತ್ತು. ನನ್ನ ಹೆಂಡತಿ ಸುಮ್ಮನಿರುವವಳಲ್ಲ. "ಆಗು ತಾಯಿ, ಆಗು. ಮೊದಲು ಆ ತೊಟ್ಟಿಯಿಂದ ಮೂರು ತೊಗಲು ಎಳೆದು ಹಾಕಿ ಆಮೇಲೆ ಆಗು" ಎಂದಳು.

ಹಾಗಿರುವಾಗ ಸಿನಿಮಾದವರು ಬಂದರು.

ತೊಗಲಿನ ಕೆಲಸದವರ ಮೇಲೆ ಸಿನಿಮಾ ಮಾಡುತ್ತಾರಂತೆ. ಜಾಗ ನೋಡಲು ಬಂದಿದ್ದರು. ನಾಲ್ವರು. ಮೂವರು ಗೇಟಿನ ಹತ್ತಿರವೇ ವಾಂತಿ ಮಾಡಿಕೊಂಡರು. ನಿರ್ದೇಶಕ ಮಾತ್ರ ಒಳಗೆ ಬಂದ. ತೆಳ್ಳಗಿದ್ದ, ಮೆತ್ತಗೆ ಮಾತಾಡುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು. ಸುಣ್ಣದ ಘಾಟಿಗೆ ಬಂದ ನೀರು. ಕನಿಕರಕ್ಕೆ ಬಂದದ್ದು ಎಂದು ನಾನು ಅಂದುಕೊಂಡೆ.

ಕಂಚು ಕೆರೆಯುತ್ತ ಪದ್ಯ ಹೇಳುತ್ತಿದ್ದಳು. ಅವನು ನಿಂತುಬಿಟ್ಟ.

"ಯಾರದು ಈ ಗಂಟಲು?" ಎಂದ.

"ನನ್ನದೇ" ಎಂದಳು ಅವಳು. ಕತ್ತಿ ಕೆಳಗಿಡಲಿಲ್ಲ.

"ನಟನೆ ಮಾಡ್ತೀಯಾ?"

ಅವಳು ತಕ್ಷಣ ಮಾಲೀಕನ ಹೆಂಡತಿಯಾದಳು. ಎಡಗೈ ಮೂಗಿಗೆ ಹೋಯಿತು, ಬಲಗೈ ಸೆರಗು ಎತ್ತಿತು, ಹೆಜ್ಜೆ ಕೆಸರು ತಪ್ಪಿಸಿತು. ನಿರ್ದೇಶಕ ಚಪ್ಪಾಳೆ ತಟ್ಟಿದ. "ಸೋಮವಾರ ಸ್ಟುಡಿಯೋಗೆ ಬಾ. ನಿನಗೊಂದು ಪಾತ್ರ ಇದೆ" ಎಂದ. ನನ್ನ ಕಡೆ ತಿರುಗಿ, "ನೀವೂ ಬನ್ನಿ. ಕತ್ತಿ ಹಿಡಿಯೋದು ಹೇಗೆ ಅಂತ ನಮ್ಮೋರಿಗೆ ಹೇಳಿಕೊಡ್ಬೇಕು" ಎಂದ.

ಸೋಮವಾರ ಇಬ್ಬರೂ ಎರಡು ಗಂಟೆ ಮೈ ಉಜ್ಜಿಕೊಂಡೆವು. ಸ್ಟುಡಿಯೋ ಎಂದರೆ ತಗಡಿನ ದೊಡ್ಡ ಶೆಡ್ಡು. ಗೇಟಿನ ಕಾವಲುಗಾರ ನಮ್ಮ ಮೇಲೆ ಡಬ್ಬಿಯಿಂದ ಏನೋ ಸುವಾಸನೆ ಸಿಂಪಡಿಸಿದ. ತಿಗಣೆಗೆ ಹೊಡೆಯುವಂತೆ, ತಲೆಯಿಂದ ಕಾಲಿನವರೆಗೆ. ಆಮೇಲೆ ಪ್ರತಿದಿನವೂ ಹೊಡೆದ. ಕಂಚು ಎರಡು ಕೈ ಚಾಚಿ ಒಂದು ಸುತ್ತು ತಿರುಗಿ, "ಬೆನ್ನಿಗೂ ಹೊಡಿ ಅಣ್ಣ, ಮದುವಣಗಿತ್ತಿ ಥರ ಹೋಗ್ತೀನಿ" ಎಂದಳು. ಅವನು ನಗಲಿಲ್ಲ.

ಒಳಗೆ ಒಂದು ಕೋಣೆಯಲ್ಲಿ ಅವಳನ್ನು ಪರೀಕ್ಷೆ ಮಾಡಿದರು. ಅಳು ಎಂದರು, ಅತ್ತಳು. ನಗು ಎಂದರು, ನಕ್ಕಳು. ಸತ್ತ ಮಗುವನ್ನು ಎತ್ತಿಕೊಂಡು ನಡೆ ಎಂದರು. ಒಂದು ದಿಂಬು ಕೊಟ್ಟರು. ಅವಳು ನಡೆದ ರೀತಿ ನೋಡಿ ಬಾಗಿಲ ಬಳಿ ನಿಂತಿದ್ದ ನಾನು ಗೋಡೆ ಹಿಡಿದುಕೊಂಡೆ. ಅವಳ ತಮ್ಮ ಎರಡು ವರ್ಷಕ್ಕೇ ತೀರಿಹೋದಾಗ ಅವಳಮ್ಮ ಹಾಗೆಯೇ ನಡೆದಿದ್ದಳು. ಆರು ವರ್ಷದ ಹುಡುಗಿ ಅದನ್ನು ನೋಡಿ ಇಟ್ಟುಕೊಂಡಿದ್ದಳು.

ನಿರ್ದೇಶಕ ಆ ದಿಂಬನ್ನು ಅವಳ ಕೈಯಿಂದ ತಾನೇ ತೆಗೆದುಕೊಂಡ. ಆಮೇಲೆ ಬಣ್ಣದವನನ್ನು ಕರೆದ. ಬಣ್ಣದವನು ಒಂದು ತಟ್ಟೆ ತಂದ. ಅದರಲ್ಲಿ ಹನ್ನೆರಡು ಬಗೆಯ ಕಂದು ಬಣ್ಣ. ಒಂದೊಂದನ್ನೂ ಕಡ್ಡಿಯಿಂದ ತೆಗೆದು ಕಂಚುವಿನ ಕೆನ್ನೆಗೆ ಹಚ್ಚಿದ. ಹಿಂದೆ ಸರಿದು ನೋಡಿದ. ಒಂಬತ್ತನೆಯದನ್ನು ಹಚ್ಚಿದಾಗ ಅದು ಕೆನ್ನೆಯಲ್ಲಿ ಕರಗಿಹೋಯಿತು.

"ಇದೇ" ಎಂದ. "ಇದೇ ಬಣ್ಣ."

"ನನ್ನ ಬಣ್ಣದ ಮೇಲೆ ನನ್ನ ಬಣ್ಣ ಯಾಕೆ ಹಚ್ಚೋದು?" ಎಂದಳು ಕಂಚು.

"ನಿಂಗಲ್ಲ" ಎಂದ ಅವನು. "ನಾಯಕಿಗೆ."

ನಾಯಕಿ ಹಾಲಿನ ಬಣ್ಣದವಳು. ಮೊದಲೇ ಹೆಸರಾದವಳು. ಸಿನಿಮಾದಲ್ಲಿ ತೊಗಲು ಕೆರೆಯುವವನ ಮಗಳು ಅವಳೇ. ಪ್ರತಿದಿನ ಬೆಳಿಗ್ಗೆ ಒಂದೂವರೆ ಗಂಟೆ ಅವಳಿಗೆ ನನ್ನ ಮಗಳ ಬಣ್ಣ ಬಳಿಯುತ್ತಿದ್ದರು. ಸಂಜೆ ತೊಳೆದುಕೊಂಡು ಹೋಗುತ್ತಿದ್ದಳು.

ಕಂಚುವಿಗೆ ಸಿಕ್ಕಿದ ಕೆಲಸ ಬೆಳಕಿಗೆ ನಿಲ್ಲುವುದು. ದೀಪಗಳನ್ನು ಹೊಂದಿಸಲು ಒಂದು ಗಂಟೆ, ಎರಡು ಗಂಟೆ ಬೇಕು. ಅಷ್ಟು ಹೊತ್ತು ನಾಯಕಿ ನಿಲ್ಲುವುದಿಲ್ಲ. ಅವಳ ಎತ್ತರದ, ಅವಳಿಗೆ ಬಳಿದ ಬಣ್ಣದ ಒಂದು ಮೈ ಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕುತ್ತಾರೆ. ಅದರ ಮೇಲೆ ಪಾದ ಇಟ್ಟು ನಿಲ್ಲಬೇಕು. ತೊಗಲು ಎತ್ತುವ ದೃಶ್ಯವಿದ್ದರೆ ತೊಗಲು ಎತ್ತಿ ಹಿಡಿದೇ ನಿಲ್ಲಬೇಕು. ಕ್ಯಾಮೆರಾ ನೋಡಬಾರದು. ಮಾತಾಡಬಾರದು. ಎಲ್ಲ ಸರಿಹೋದ ಮೇಲೆ "ಸರಿ" ಎನ್ನುತ್ತಾರೆ. ಇವಳು ಗುರುತಿನಿಂದ ಇಳಿಯುತ್ತಾಳೆ, ನಾಯಕಿ ಹತ್ತುತ್ತಾಳೆ. ಇವಳು ಹಿಡಿದಿದ್ದ ನೆಂದ ತೊಗಲಿನ ಜಾಗಕ್ಕೆ ಸ್ಪಂಜು ತುಂಬಿದ ತೊಗಲು ಬರುತ್ತದೆ.

ಅಲ್ಲಿ ಕಟ್ಟಿದ್ದ ಸುಣ್ಣದ ತೊಟ್ಟಿಯಲ್ಲಿ ಮೈದಾ ಕಲಸಿದ ನೀರಿತ್ತು. ನಾನು ಬೆರಳದ್ದಿ ನೋಡಿದೆ. ತಣ್ಣಗಿತ್ತು.

"ಪಾತ್ರ ಇದೆ ಅಂದಿದ್ರಿ" ಎಂದು ಕಂಚು ಮೊದಲ ವಾರವೇ ನಿರ್ದೇಶಕನನ್ನು ಕೇಳಿದಳು.

"ಇದೆ. ಕೊನೆಯ ದಿನ. ಒಂದು ಶಾಟ್, ಪೂರ್ತಿ ನಿನ್ನ ಮುಖ, ಒಂದು ಮಾತು. ಎಲ್ಲರೂ ಶುರು ಮಾಡೋದು ಹೀಗೇ. ನಾಯಕಿಯೂ ಹೀಗೇ ಶುರು ಮಾಡಿದ್ದು."

"ಅವರೂ ಬೆಳಕಿಗೆ ನಿಲ್ತಿದ್ರಾ?"

ಅವನು ಕ್ಯಾಮೆರಾದ ಕಡೆ ನಡೆದ. ಅವನ ಸಹಾಯಕ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಓಡಾಡುವವನು, ನನ್ನ ಕಿವಿಯಲ್ಲಿ ಹೇಳಿದ: "ನಿಮ್ಮ ಹುಡುಗಿ ಬಾಯಿ ಸ್ವಲ್ಪ ಜಾಸ್ತಿ. ಆ ಒಂದು ಶಾಟ್ ಉಳಿಸಿಕೊಳ್ಳೋಕೆ ಹೇಳಿ."

ನಾನು ಹೇಳಿದೆ. "ಮಗಳೇ, ತಾಳ್ಕೋ. ಮೈ ತಾನೇ ಕೇಳ್ತಿದ್ದಾರೆ. ಎರವಲು."

ಅವಳು ತಾಳಿಕೊಂಡಳು. ಬೆಳಿಗ್ಗೆಯಿಂದ ಸಂಜೆಯವರೆಗೆ ದೀಪದ ಬಿಸಿಯಲ್ಲಿ ನಿಂತಳು. ಮನೆಗೆ ಬಂದು ತೊಟ್ಟಿಗೆ ಇಳಿಯುತ್ತಿದ್ದಳು. ತೊಗಲು ಕಾಯುವುದಿಲ್ಲ, ಹನ್ನೊಂದನೇ ದಿನಕ್ಕೆ ಕೊಳೆಯುತ್ತದೆ. ಒಂದೇ ಒಂದು ಲಾಭ ಮಾಡಿಕೊಂಡಳು. ಬೆಳಕು ಕಲಿತಳು. ಯಾವ ದೀಪ ಎಲ್ಲಿಂದ ಬಿದ್ದರೆ ಮುಖ ಯಾವ ಕಡೆ ತಿರುಗಬೇಕು ಎನ್ನುವುದು ಕಣ್ಣು ಮುಚ್ಚಿದರೂ ಅವಳಿಗೆ ಗೊತ್ತಾಗುತ್ತಿತ್ತು. "ಕೆನ್ನೆಗೆ ಬಿಸಿ ತಾಗುತ್ತಲ್ಲಪ್ಪ, ಅಲ್ಲಿ ನಿಲ್ಲಬೇಕು" ಎನ್ನುತ್ತಿದ್ದಳು.

ನಾನು ನಾಯಕಿಗೆ ಕತ್ತಿ ಹಿಡಿಯುವುದನ್ನು ಹೇಳಿಕೊಟ್ಟೆ. ಅವಳ ಕೈ ಮುಟ್ಟಬಾರದೆಂದು ಹೇಳಿದ್ದರು. ದೂರದಲ್ಲಿ ನಿಂತು ಒಂದು ಕೋಲಿನಿಂದ ತೋರಿಸಿದೆ.

ಇಪ್ಪತ್ತಮೂರನೆಯ ದಿನ ಆ ದೃಶ್ಯ ಬಂತು.

ಕತೆ ಏನೆಂದು ಅಂದೇ ನಮಗೆ ಗೊತ್ತಾದದ್ದು. ತೊಗಲು ಕೆರೆಯುವವನ ಮಗಳಿಗೆ ಹಾಡುವ ಆಸೆ. ಅಪ್ಪ ಕುಡುಕ, ಮೃಗ. ಹಾಡಬೇಡ ಎಂದು ಅವಳನ್ನು ಹೊಡೆಯುತ್ತಾನೆ. ದೊಡ್ಡ ಮನೆಯ ಒಬ್ಬ ಸಜ್ಜನ ಬಂದು ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ನಾನು ನಮ್ಮ ಮನೆಗಳ ಸಾಲಿನ ಒಬ್ಬೊಬ್ಬರನ್ನೂ ನೆನೆಸಿಕೊಂಡೆ. ಅಲ್ಲಿ ಕುಡಿಯುವವರಿದ್ದಾರೆ. ಹೊಡೆಯುವವರೂ ಇದ್ದಾರೆ. ಆದರೆ ಬಂದು ಬಿಡಿಸಿದ ದೊಡ್ಡ ಮನೆಯವನು ಒಬ್ಬನೂ ನೆನಪಿಗೆ ಬರಲಿಲ್ಲ.

ಕಂಚು ಗುರುತಿನ ಮೇಲೆ ನಿಂತಳು. ಅಪ್ಪನ ಪಾತ್ರದ ನಟ ಎದುರು ನಿಂತು ಗಾಳಿಯಲ್ಲಿ ಕೈ ಬೀಸಿದ. ದೀಪದವರು ಸರಿ ಎಂದರು. ಸೌಂಡಿನವನು ಒಪ್ಪಲಿಲ್ಲ. ಕಿವಿಗೆ ಎರಡು ಬಟ್ಟಲು ಕವಿಚಿಕೊಂಡು ಕೂರುವವನು ಅವನು. ಏಟಿನ ಸದ್ದು ನಿಜವಾದದ್ದೇ ಬೇಕು, ಆಮೇಲೆ ಮೇಜು ಬಡಿದು ಸೇರಿಸಿದರೆ ಮೇಜಿನ ಸದ್ದೇ ಬರುತ್ತದೆ ಎಂದ.

"ಹೊಡೀರಿ ಹಾಗಾದ್ರೆ ಇವಳಿಗೆ" ಎಂದ ಸಹಾಯಕ.

ಆ ನಟ ಕೈ ಹಿಂದಕ್ಕೆ ಕಟ್ಟಿಕೊಂಡ. "ನನ್ನ ಕೈಲಾಗಲ್ಲಪ್ಪ" ಎಂದ. ಅಷ್ಟು ಮನುಷ್ಯತ್ವ ಅವನಿಗಿತ್ತು. ಮುಂದೆ ಹೇಳಿದ್ದೂ ಅವನೇ: "ಅವಳಪ್ಪ ಇದ್ದಾರಲ್ಲ. ಅವರು ಹೊಡೀಲಿ. ಅವರಿಗೆ ಅಭ್ಯಾಸ ಇರುತ್ತೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಿರ್ದೇಶಕನ ಮುಖ ಅರಳಿತು. "ಬನ್ನಿ ಯಜಮಾನ್ರೇ. ಮನೇಲಿ ಹೇಗೆ ಹೊಡೀತೀರೋ ಹಾಗೇ."

"ಮನೇಲಿ ನಾನು ಹೊಡೆಯೋದಿಲ್ಲ ಸ್ವಾಮಿ."

ಅಲ್ಲಿದ್ದವರೆಲ್ಲ ನಕ್ಕರು. ನಾನು ತಮಾಷೆ ಮಾಡಿದೆನೆಂದು ತಿಳಿದರು.

"ಎಲ್ರೂ ಹಂಗೇ ಅನ್ನೋದು" ಎಂದ ಸಹಾಯಕ. ಹತ್ತಿರ ಬಂದು ದನಿ ತಗ್ಗಿಸಿದ. "ಕೊನೇ ದಿನದ ಶಾಟ್ ನೆನಪಿದೆ ತಾನೇ? ನಿಮ್ಮ ಕೈಲಿದೆ ಅದು."

ನಾನು ಕಂಚುವನ್ನು ನೋಡಿದೆ. ಅವಳು ಗುರುತಿನ ಮೇಲಿಂದ ಕದಲಿರಲಿಲ್ಲ.

"ಹೊಡಿ ಅಪ್ಪ. ಒಂದು ತಾನೇ" ಎಂದಳು.

ಆಗ ಮನಸ್ಸಿನಲ್ಲಿ ಆ ಪದ್ಯ ಹೇಳಿಕೊಂಡೆ. ಮೈಯೆಂಬುದು ಎರವಲು. ಎರವಲ ಕೇಳಿದರೆ ಕೊಡು. ದೇವರ ಮಾತನ್ನು ಚರಂಡಿಯ ಕಲ್ಲಿನ ಮೇಲೆ ಕೂತು ಕಲಿತವನು ನಾನು. ಅದನ್ನು ನನ್ನ ಮಗಳನ್ನು ಹೊಡೆಯಲು ಬಳಸಿದೆ.

ಮೊದಲನೆಯದು ಸವರಿದಂತಾಯಿತು. "ಏನ್ರೀ, ಸೊಳ್ಳೆ ಓಡಿಸ್ತಿದ್ದೀರಾ?" ಎಂದರು. ಎರಡನೆಯದು ಸದ್ದು ಸಾಲದು. ಮೂರನೆಯದಕ್ಕೆ ಅವಳ ತಲೆ ಬೆಳಕಿನಿಂದ ಆಚೆ ಹೋಯಿತು. "ಗುರುತು ಬಿಡಬೇಡ ಹುಡುಗಿ." ನಾಲ್ಕನೆಯದಕ್ಕೆ ಯಾರೋ ಕೆಮ್ಮಿದರು. ಐದನೆಯದು ಕಿವಿಗೆ ಬಿತ್ತು. ಸೌಂಡಿನವನು ಮೈಕನ್ನು ಅವಳ ಕೆನ್ನೆಗೆ ಇನ್ನೂ ಹತ್ತಿರ ತಂದ. ಆರನೆಯದಾದ ಮೇಲೆ ಟೀ ಬಂತು. ಎಲ್ಲರೂ ಕುಡಿದರು. ನಮಗೂ ಕೊಟ್ಟರು. ಅವಳು ಗುರುತಿನ ಮೇಲೆ ನಿಂತೇ ಕುಡಿದಳು. ಲೋಟದ ಅಂಚಿಗೆ ರಕ್ತ ಅಂಟಿತು. ಹಲ್ಲು ತಾಗಿ ಒಳತುಟಿ ಹರಿದಿತ್ತು.

ಏಳನೆಯದಾದ ಮೇಲೆ ನಿರ್ದೇಶಕ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ಮೆತ್ತಗೆ, ಮಗುವಿಗೆ ಹೇಳುವಂತೆ ಹೇಳಿದ. "ಅವಳು ನಿಮ್ಮ ಮಗಳು ಅನ್ನೋದು ಮರೀರಿ. ತೊಗಲು ಅಂದ್ಕೊಳ್ಳಿ."

ನಾನು ಹಾಗೆಯೇ ಅಂದುಕೊಂಡೆ.

ಎಂಟನೆಯದಕ್ಕೆ ಅವಳು ಕೆಳಗೆ ಬಿದ್ದಳು. ಶೆಡ್ಡಿನ ತಗಡು ಆ ಸದ್ದನ್ನು ತಿರುಗಿ ಕೊಟ್ಟಿತು. ಸೌಂಡಿನವನು ಕಿವಿಯ ಬಟ್ಟಲು ತೆಗೆದ. "ಬಂತು. ಸಾಕು" ಎಂದ. ನನ್ನ ಮುಖ ನೋಡಲಿಲ್ಲ.

ನನ್ನ ಅಂಗೈಗೆ ನೋವು ಗೊತ್ತಾಗಲಿಲ್ಲ. ಹಲಗೆ.

ಬಣ್ಣದವನು ಓಡಿ ಬಂದ. ಅವಳನ್ನು ಎಬ್ಬಿಸಲು ಬಂದನೆಂದುಕೊಂಡೆ. ಅವನು ಊದಿದ ಕೆನ್ನೆಯ ಫೋಟೋ ತೆಗೆದುಕೊಂಡ. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಅದನ್ನು ನೋಡಿಕೊಂಡು ನಾಯಕಿಯ ಕೆನ್ನೆಯ ಮೇಲೆ ಅದೇ ಊತ, ಅದೇ ಬೆರಳ ಗುರುತು ಬರೆದ. ನನ್ನ ಮೊಂಡು ಬೆರಳುಗಳು. ಆಮೇಲೆ ಆ ನಟ ಬಂದು ನಾಯಕಿಯ ಮುಖದಿಂದ ಒಂದು ಗೇಣು ದೂರದಲ್ಲಿ ಕೈ ಬೀಸಿದ. ಅವಳಿಗಾಗಿ ಹಾಸಿದ್ದ ಹಾಸಿಗೆಯ ಮೇಲೆ ಅವಳು ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಯಾರು?"

"ಸಿನಿಮಾ ಅಮ್ಮ" ಎಂದಳು ಕಂಚು.

"ಸಿನಿಮಾಕ್ಕೆ ಕೈ ಇರುತ್ತಾ? ಯಾರ ಕೈ ಅಂತ ಕೇಳ್ತಿದ್ದೀನಿ."

ನಾನು ನನ್ನ ಕೈ ಮುಂದೆ ಹಿಡಿದೆ. ಎಲ್ಲ ಹೇಳಿದೆ. ಎರವಲಿನ ಪದ್ಯವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಎರವಲು ಅಂದ್ಯಲ್ಲ" ಎಂದಳು. "ಎರವಲು ತಂದಿದ್ದನ್ನ ಒಡೆದು ಹಾಕಿ ವಾಪಸ್ ಕೊಡ್ತಾರೇನಯ್ಯ ಯಾರಾದ್ರೂ? ನಿನ್ನ ಅರ್ಥಕ್ಕಿಷ್ಟು ಬೆಂಕಿ ಹಾಕ!"

ಮೂವತ್ತು ವರ್ಷದಲ್ಲಿ ಅವಳು ನನ್ನ ಪದ್ಯಕ್ಕೆ ಬೈದದ್ದು ಅದೇ ಮೊದಲು.

ಕಂಚು ನಿಲ್ಲಲು ಹೋಗುವುದನ್ನು ಬಿಡಲಿಲ್ಲ. "ಎಂಟು ಏಟು ತಿಂದಿದ್ದೀನಿ. ನನ್ನ ಶಾಟ್ ತಗೊಂಡೇ ಬರೋದು" ಎಂದಳು. ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಕೆರೆಯುವಾಗ ಪದ್ಯ ಹೇಳುವುದನ್ನು ನಿಲ್ಲಿಸಿದಳು. ಇಪ್ಪತ್ತು ಕತ್ತಿಗಳು ಇಪ್ಪತ್ತು ಲಯಕ್ಕೆ ಹೋದವು. ಎಡಗಿವಿ ಅವಳಿಗೆ ಸ್ವಲ್ಪ ಮಂದವಾಗಿತ್ತು. ನಾವು ಬಲಗಡೆಗೆ ಬಂದು ಮಾತಾಡಲು ಕಲಿತೆವು.

ನಲವತ್ತನೆಯ ದಿನ, ಕೊನೆಯ ದಿನ, ನಮ್ಮ ಸಾಲಿನ ಹತ್ತು ಹೆಂಗಸರನ್ನು ಗುಂಪಿಗೆಂದು ಕರೆಸಿದ್ದರು. ನನ್ನ ಹೆಂಡತಿಯೂ ಬಂದಿದ್ದಳು. ಎಲ್ಲರ ಮೇಲೂ ಡಬ್ಬಿ ಹೊಡೆದರು. ದೊಡ್ಡ ಮನೆಯ ಸಜ್ಜನ ಕುರ್ಚಿಯ ಮೇಲೆ ಕೂತಿರುತ್ತಾನೆ. ಹೆಂಗಸರು ಅವನ ಮುಂದೆ ನೆಲದ ಮೇಲೆ. ಅವರಲ್ಲಿ ಒಬ್ಬಳು ಎದ್ದು ಕೈ ಮುಗಿದು ಮಾತಾಡುತ್ತಾಳೆ. ಅದೇ ಕಂಚುವಿನ ಶಾಟ್. ಅಂದು ನೆಲದ ಮೇಲಿನ ಗುರುತು ಅವಳದ್ದೇ. ದೀಪಗಳನ್ನು ಅವಳಿಗಾಗಿಯೇ ಹೊಂದಿಸಿದರು. ಅವಳ ಮುಖದ ಮೇಲೆ ಆ ಬೆಳಕು ಬಿದ್ದಾಗ ಹೆಂಗಸರೆಲ್ಲ ಉಸಿರು ಹಿಡಿದರು.

ಸಹಾಯಕ ಮಾತು ಓದಿ ಹೇಳಿದ: "ನಮ್ಮೋರೇ ನಮ್ಮನ್ನ ತುಳಿದಿದ್ದು ಸ್ವಾಮಿ. ನೀವು ಬಂದು ಎತ್ತಿದ್ರಿ."

"ಬಾಯಿಪಾಠ ಆಯ್ತಾ?"

"ಆಯ್ತು" ಎಂದಳು ಕಂಚು.

ಸೀಟಿ ಊದಿದರು. ಕ್ಯಾಮೆರಾ ಓಡಿತು. ಅವಳು ಎದ್ದಳು. ಕೈ ಮುಗಿಯಲಿಲ್ಲ. ಬಾಯಿ ತೆರೆಯಲಿಲ್ಲ. ನಲವತ್ತು ದಿನ ನೋಡಬಾರದು ಎಂದಿದ್ದ ಕ್ಯಾಮೆರಾವನ್ನು ನೇರವಾಗಿ ನೋಡುತ್ತ ನಿಂತಳು.

"ಕಟ್! ಮಾತು ಮರೀತಾ?"

"ಇಲ್ಲ."

"ಮತ್ತೆ ಹೇಳು."

"ಹೇಳಲ್ಲ."

ನಿರ್ದೇಶಕ ಎದ್ದು ಬಂದ. ಅವನು ಕೂಗುವವನಲ್ಲ. "ಏನಾಯ್ತು ಮಗು? ಇದಕ್ಕೇ ಅಲ್ವಾ ನೀನು ಕಾದಿದ್ದು?"

"ಹೌದು ಸರ್. ಇದಕ್ಕೇ ಕಾದಿದ್ದು. ಬೇರೆ ಮಾತು ಕೊಡಿ, ಹೇಳ್ತೀನಿ. ನೀರು ಕೇಳೋ ಮಾತು ಕೊಡಿ. ಬೈಯ್ಯೋ ಮಾತು ಕೊಡಿ. ಇದನ್ನ ಹೇಳಲ್ಲ. ನನ್ನಪ್ಪನ ಕೈಲಿ ನನ್ನನ್ನ ಹೊಡೆಸಿದ್ದು ನೀವು. ಅವರು ಜೀವಮಾನದಲ್ಲಿ ನನ್ನ ಮೇಲೆ ಕೈ ಎತ್ತಿದೋರಲ್ಲ. ಹೊಡೆಸಿಬಿಟ್ಟು, ನಮ್ಮೋರೇ ತುಳಿದ್ರು ಅಂತ ನನ್ನ ಬಾಯಲ್ಲೇ ಹೇಳಿಸ್ತೀರಾ?"

"ಅದು ಕತೆ. ನಟನೆ."

"ನಟನೆ ಅಂದ್ರೆ ಗೇಣು ದೂರದಲ್ಲಿ ಕೈ ಬೀಸೋದು ಸರ್. ನನಗೆ ನೀವು ಅದನ್ನ ಕೊಡಲಿಲ್ಲ. ಮೈ ಕೇಳಿದ್ರಿ, ಕೊಟ್ಟೆ. ಮಾತು ಕೊಡಲ್ಲ."

ನನ್ನ ಪದ್ಯದ ಎರಡನೆಯ ತುಂಡನ್ನು ಅವಳು ಇಟ್ಟುಕೊಂಡಿದ್ದಳು. ನಾನು ಮೊದಲನೆಯ ತುಂಡಿನಲ್ಲೇ ನಿಂತುಬಿಟ್ಟಿದ್ದೆ.

ಸಹಾಯಕ ನನ್ನ ಹೆಂಡತಿಯ ಕಡೆ ತಿರುಗಿದ. "ಅಮ್ಮ, ನೀವು ಹೇಳ್ತೀರಾ? ಒಂದೇ ಸಾಲು."

"ನನಗೆ ಮರೆವು ಸ್ವಾಮಿ" ಎಂದಳು ಅವಳು. "ಯಾರೋ ನಮ್ಮನ್ನ ಎತ್ತಿದ್ರು ಅಂದ್ರಲ್ಲ, ಯಾವಾಗ ಅಂತಾನೇ ನೆನಪಾಗ್ತಿಲ್ಲ."

ಹೆಂಗಸರು ಕಿಸಕ್ಕೆಂದು ನಕ್ಕರು. ಪಕ್ಕದವಳನ್ನು ಕೇಳಿದ. ಅವಳಿಗೂ ಮರೆವು. ಅದರಾಚೆಯವಳಿಗೆ ಗಂಟಲು ನೋವು. ಹತ್ತೂ ಜನಕ್ಕೆ ಏನಾದರೊಂದು ಇತ್ತು.

ನಿರ್ದೇಶಕ ಕಂಚುವಿನ ಹತ್ತಿರ ಬಂದು ನಿಂತ. ಅದೇ ಮೆತ್ತನೆಯ ದನಿ. "ನಾನು ನಿನ್ನನ್ನ ಆ ಗುಂಡಿಯಿಂದ ತೆಗೀಬೇಕು ಅಂತಿದ್ದೆ. ನಿನಗೆ ಗುಂಡಿನೇ ಇಷ್ಟ. ನಿನ್ನಂಥ ಮುಖಗಳು ನೂರು ಸಿಗುತ್ತವೆ. ಇನ್ನು ಯಾವ ಸ್ಟುಡಿಯೋದೋರೂ ನಿನ್ನನ್ನ ಒಳಗೆ ಬಿಡಲ್ಲ. ನಾನು ನೋಡ್ಕೋತೀನಿ." ಆಮೇಲೆ ಮೂಗು ಮುಚ್ಚಿಕೊಂಡ. ನಲವತ್ತು ದಿನದಲ್ಲಿ ಅವನು ಮೂಗು ಮುಚ್ಚಿಕೊಂಡದ್ದು ಅದೇ ಮೊದಲು. "ದೀಪ ಆರಿಸಿ" ಎಂದ.

ದೀಪ ಆರಿಸಿದರು. ನಾವು ಗೋಡೆ ಹಿಡಿದುಕೊಂಡು ಬಾಗಿಲು ಹುಡುಕಿ ಹೊರಗೆ ಬಂದೆವು.

ಅವನು ಮಾತಿಗೆ ತಪ್ಪಲಿಲ್ಲ. ಕಂಚು ಆಮೇಲೆ ಏಳು ಕಡೆ ಹೋಗಿ ಬಂದಳು. ಎಲ್ಲ ಕಡೆಯೂ ಗೇಟಿನಲ್ಲೇ, "ಓ, ಬಾಯಿ ಜಾಸ್ತಿ ಇರೋಳು ನೀನೇನಾ?" ಎಂದು ಕೇಳಿ ಕಳಿಸಿದರು. ಎಂಟನೆಯ ಕಡೆಗೆ ಅವಳು ಹೋಗಲಿಲ್ಲ. ಮತ್ತೆ ದಿಮ್ಮಿಯ ಮುಂದೆ ನಿಂತಳು.

ಹತ್ತು ತಿಂಗಳಾದ ಮೇಲೆ ಸಿನಿಮಾ ಬಂತು. ದೊಡ್ಡ ಹೆಸರು ಮಾಡಿತು. ನಮ್ಮಂಥವರ ನೋವನ್ನು ಇದ್ದ ಹಾಗೆ ತೋರಿಸಿದ್ದಾರೆಂದು ಪೇಪರಿನಲ್ಲಿ ಬರೆದರು. ಹತ್ತು ಹೆಂಗಸರ ಬೆನ್ನು ತೋರಿಸಿ, ಆ ಮಾತನ್ನು ಬೇರೆ ಯಾರ ದನಿಯಲ್ಲೋ ಹೇಳಿಸಿದ್ದರಂತೆ. ನೋಡಲೇಬೇಕು ಎಂದಳು ಕಂಚು. ಆ ಹತ್ತು ಹೆಂಗಸರು, ಕಂಚು, ನಾನು, ಹನ್ನೆರಡು ಜನ ಎರಡು ಗಂಟೆ ಮೈ ಉಜ್ಜಿಕೊಂಡು ಮಧ್ಯಾಹ್ನದ ಆಟಕ್ಕೆ ಹೋದೆವು.

ನಾಯಕಿ ಚೆನ್ನಾಗಿ ಮಾಡಿದ್ದಳು. ಸುಳ್ಳು ಹೇಳಬಾರದು. ನಡಿಗೆ ನನ್ನ ಮಗಳನ್ನು ನೋಡಿ ಕಲಿತದ್ದು. ಕತ್ತಿ ಹಿಡಿದದ್ದು ನಾನು ಕೋಲಿನಿಂದ ತೋರಿಸಿದ ಹಾಗೆ. ಆಮೇಲೆ ಆ ದೃಶ್ಯ ಬಂತು. ಅಪ್ಪ ಕೈ ಎತ್ತಿದ. ಬೀಸಿದ.

ಸದ್ದು ಬಂತು.

ನಾನು ಕೇಳಿ ಬದುಕಿದವನು. ಕಿಟಕಿಯ ಕೆಳಗೆ ಕೂತು, ಒಳಗೆ ಓದುತ್ತಿರುವವರು ಯಾರೆಂದು ಉಸಿರಿನಿಂದಲೇ ಹೇಳುತ್ತಿದ್ದವನು. ಆ ಸದ್ದು ನನಗೆ ಗೊತ್ತು. ಉಗುರಿಲ್ಲದ ಬೆರಳು, ಹಲಗೆಯಂಥ ಅಂಗೈ, ತಗಡಿನ ಶೆಡ್ಡು, ನಡುವೆ ನನ್ನ ಮಗಳ ಕೆನ್ನೆ. ಎಂಟನೆಯದು. ಅದನ್ನು ದೊಡ್ಡದು ಮಾಡಿ ನಾಲ್ಕು ಗೋಡೆಯಿಂದ ಬಿಟ್ಟಿದ್ದರು. ಟಾಕೀಸಿಗೆ ಟಾಕೀಸೇ ಹ್ಞಾ ಎಂದು ಉಸಿರೆಳೆಯಿತು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದಳು: "ಥೂ, ಎಂಥ ಅಪ್ಪಂದಿರು ರೀ. ಈ ಜನ ಪ್ರಾಣಿಗಳು."

ನನ್ನ ಎಡಗಡೆ ಕೂತಿದ್ದ ಕಂಚುವಿನ ಕೈ ಅವಳ ಕೆನ್ನೆಗೆ ಹೋಗಿತ್ತು.

ಹೊರಗೆ ಬಿಸಿಲಿಗೆ ಬಂದ ಮೇಲೆ ಅವಳು ನನ್ನ ಕಡೆ ನೋಡಿ ಮಾತಾಡಿದಳು. ಎಷ್ಟೋ ತಿಂಗಳ ಮೇಲೆ.

"ಅಪ್ಪ, ಆ ಸದ್ದನ್ನ ನಾನು ಇದಕ್ಕೆ ಕೊಟ್ಟಿರಲಿಲ್ಲ."

"ಇಲ್ಲ ಮಗಳೇ."

"ನಾಳೆ ವಾಪಸ್ ಕೇಳಿ ತಗೋತೀನಿ. ನೀನೂ ಬರ್ತೀಯಾ?"

ಮರುದಿನ ಬೆಳಿಗ್ಗೆ ತೊಟ್ಟಿಗೆ ಇಳಿದೆವು. ಮಧ್ಯಾಹ್ನದವರೆಗೆ ಕೆರೆದೆವು. ಸ್ನಾನದ ಕಟ್ಟೆಯ ಮೇಲೆ ಬೂದಿ ಇತ್ತು, ನಿಂಬೆಸಿಪ್ಪೆ ಇತ್ತು. ಕಂಚು ಅದನ್ನು ದಾಟಿ ನಡೆದಳು. ಅವಳ ಹಿಂದೆ ನಾನು ದಾಟಿದೆ. ನನ್ನ ಹೆಂಡತಿ ಒಂದು ಗಳಿಗೆ ನಿಂತಳು. ಸುಣ್ಣ ಹತ್ತಿದ ಕೈಯನ್ನು ಮೂಸಿ ನೋಡಿಕೊಂಡಳು. "ಇವತ್ತು ಇಡೀ ಟಾಕೀಸೇ ರಾಜರಿಗೆ" ಎಂದಳು. ಹನ್ನೆರಡು ಜನವೂ ಮೈ ತೊಳೆಯದೆ ಪೇಟೆಯ ದಾರಿ ಹಿಡಿದೆವು. ನನ್ನ ಐವತ್ತೆರಡು ವರ್ಷದಲ್ಲಿ ಮೈ ಉಜ್ಜದೆ ಆ ರಸ್ತೆಗೆ ಕಾಲಿಟ್ಟದ್ದು ಅದೇ ಮೊದಲು.

ಟಿಕೆಟ್ ನಮ್ಮ ಕೈಯಲ್ಲಿತ್ತು. ಬಾಗಿಲಿನವನು ತಡೆದ. ಟಿಕೆಟ್ ತೋರಿಸಿದೆವು. ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಾಲಿಗೊಬ್ಬರಂತೆ ಕೂತೆವು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕೆಮ್ಮು ಎದ್ದಿತು. ಪರದೆಯ ಮೇಲೆ ತೊಗಲು, ತೊಟ್ಟಿ, ಕತ್ತಿ. ಅದನ್ನು ಜನ ನಿನ್ನೆ ಅಳುತ್ತ ನೋಡಿದ್ದರು. ಇಂದು ಅದರ ವಾಸನೆಯೂ ಬಂತು. ಕರವಸ್ತ್ರಗಳು ಮೂಗಿಗೆ ಹೋದವು. "ಯಾರ್ರೀ ಅದು, ಎದ್ದು ಹೋಗ್ರೀ!" ಎಂದು ಯಾರೋ ಕೂಗಿದರು. ನಮ್ಮಲ್ಲಿ ಯಾರೂ ಏಳಲಿಲ್ಲ.

ಆ ದೃಶ್ಯ ಬರುವುದಕ್ಕೆ ಸ್ವಲ್ಪ ಮುಂಚೆ ಕಂಚು ಎದ್ದಳು. ನಡುವಿನ ದಾರಿಯಲ್ಲಿ ನಡೆದು ಪರದೆಯ ಮುಂದಿನ ಕಟ್ಟೆ ಹತ್ತಿದಳು. ಬೆಳಕು ಎಲ್ಲಿ ಬೀಳುತ್ತದೆಂದು ಅವಳಿಗೆ ಯಾರೂ ಸೀಮೆಸುಣ್ಣದಲ್ಲಿ ಬರೆದು ತೋರಿಸಬೇಕಾಗಿರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟು ನಿಂತಳು. ನಾಯಕಿಯ ಕೆನ್ನೆ ನನ್ನ ಮಗಳ ಮುಖದ ಮೇಲೆ ಬಿತ್ತು. ಬಣ್ಣ ಎರಡೂ ಒಂದೇ.

ಸದ್ದು ಬಂತು. ಅದು ಮುಗಿದ ಮರುಗಳಿಗೆ ಅವಳು ಬಾಯಿ ತೆರೆದಳು. ಕಂಚು. ಸಿನಿಮಾದ ದನಿ ಅವಳ ದನಿಯ ಕೆಳಗೆ ಹೋಯಿತು.

"ಈಗ ಕೇಳಿದ್ರಲ್ಲ, ಆ ಏಟು ಬಿದ್ದಿದ್ದು ಈ ಕೆನ್ನೆಗೆ. ಸುಳ್ಳೇಟಲ್ಲ. ಒಂದಲ್ಲ, ಎಂಟು. ನಡುವೆ ಎಲ್ರೂ ಟೀ ಕುಡಿದ್ರು. ಹೊಡೆದೋರು ನನ್ನಪ್ಪ. ಇಲ್ಲೇ ಇದ್ದಾರೆ. ಹೊಡೆಸಿದ್ದು ಯಾರು ಅಂತ ಅವರನ್ನೇ ಕೇಳಿ. ಅಪ್ಪ, ಬಾ."

ಕರೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅವಳು ಕೈ ಚಾಚಿ ನಿಂತಿದ್ದಳು. ನಾನು ಎದ್ದೆ. ನೂರಾರು ಜನರ ನಡುವೆ ನಡೆದು ಹೋಗಿ ಆ ಬೆಳಕಿನಲ್ಲಿ ನಿಂತೆ. ಕಣ್ಣಿಗೆ ಏನೂ ಕಾಣಲಿಲ್ಲ. ಬಲಗೈ ಎತ್ತಿ ಎಲ್ಲರಿಗೂ ತೋರಿಸಿದೆ. ಪರದೆಯ ಮೇಲೆ ಅದರ ನೆರಳು ಮನೆಯಷ್ಟು ದೊಡ್ಡದಾಗಿ ಬಿತ್ತು.

"ಹೊಡೆದವನು ನಾನು" ಎಂದೆ. "ತೊಗಲು ಅಂದ್ಕೊಂಡು ಹೊಡಿ ಅಂದ್ರು. ಅಂದ್ಕೊಂಡೆ."

ಆಮೇಲೆ ಮೊದಲ ಬಾಟಲಿ ಬಂತು. ಕಟ್ಟೆಗೆ ಬಡಿದು ಒಡೆಯಿತು. "ಸಿನಿಮಾ ನೋಡೋಕೆ ಬಿಡ್ರೋ!" "ಎಳೀರೋ ಕೆಳಗೆ!" "ನಾರ್ತಾರೆ, ನಾರ್ತಾರೆ!" ಬಾಗಿಲಿನವರು ನಾಲ್ವರು ಓಡಿ ಬಂದರು. ನಿನ್ನೆ ನನ್ನ ಮುಂದೆ ಕೂತು ಅತ್ತವಳಂಥ ಹೆಂಗಸರು ಮೂಗು ಹಿಡಿದುಕೊಂಡು ದಾರಿ ಬಿಟ್ಟುಕೊಟ್ಟರು. ಕಂಚುವಿನ ಜಡೆ ಹಿಡಿದು ಕೆಳಗೆ ಎಳೆದರು. ಅವಳು ಮಾತು ನಿಲ್ಲಿಸಲಿಲ್ಲ. ಅಲ್ಲಿಯೇ, ಪರದೆಯ ಕೆಳಗೆ, ಹನ್ನೆರಡು ಜನರನ್ನೂ ಹೊಡೆದರು. ಕೈಯಿಂದ, ಬೆಲ್ಟಿನಿಂದ, ಕುರ್ಚಿಯ ಕಾಲಿನಿಂದ. ನನ್ನ ಹೆಂಡತಿಯ ಎರಡು ಹಲ್ಲು ಹೋದವು. ಆ ಸದ್ದನ್ನು ಯಾರೂ ಮೈಕ್ ಹಿಡಿದು ತುಂಬಿಕೊಳ್ಳಲಿಲ್ಲ.

ರಸ್ತೆಗೆ ಎಸೆದು ಬಾಗಿಲು ಹಾಕಿಕೊಂಡರು. ಒಳಗೆ ಸಿನಿಮಾ ಮುಂದುವರಿಯಿತು.

ಕಂಚು ಎದ್ದು ಕೂತಳು. ಹರಿದ ತುಟಿ ಒರೆಸಿಕೊಂಡಳು. "ಅಪ್ಪ, ನನ್ನ ಮಾತು ಹಿಂದಿನ ಸಾಲಿನವರೆಗೂ ಕೇಳಿಸ್ತಾ?" ಎಂದು ಕೇಳಿದಳು.

ನಾನು ಅವಳ ಬಲಗಿವಿಯ ಕಡೆಗೆ ಸರಿದು ಹೇಳಿದೆ: "ಹೊರಗಿನ ಕಿಟಕಿಯವರೆಗೂ ಕೇಳಿಸ್ತು ಮಗಳೇ."

ಅವಳ ಅಮ್ಮ ಬಾಯಿಯ ರಕ್ತ ಉಗುಳಿ, ಸೊಂಟದ ಚೀಲ ಬಿಚ್ಚಿ, ಟಿಕೆಟಿನ ಕಿಂಡಿಯ ಕಡೆ ನಡೆಯುತ್ತಿದ್ದಳು.

ನಾಳೆಯ ಆಟಕ್ಕೂ ಯಾರೂ ಸ್ನಾನ ಮಾಡುವುದಿಲ್ಲ.